ಎರಡನೆಯ ಹಬೀಬಾ

ಸೆಫ್ರೂ
೧೪ ಮೇ ೧೯೯೭, ಬುಧವಾರ

ತಮ್ಮ ಜಿಲಾಲಿಗೆ,

ಕಾಗದ ಬರೆಯುವುದು ನನ್ನ ಕೆಲಸವಲ್ಲ. ನನ್ನ ಬೆರಳು ಪಳಗಿರುವುದು ಜೆಲ್ಲಾಬಾ ನಿಲುವಂಗಿಗಳಿಗೆ ರೇಷ್ಮೆ ಗುಂಡಿ ಕಟ್ಟುವುದಕ್ಕೆ. ಸೂಜಿಯಾದರೆ ಹೇಳಿದ ಮಾತು ಕೇಳುತ್ತದೆ, ಈ ಪೆನ್ನು ಕೇಳುವುದಿಲ್ಲ. ಫೋನಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಮಾತಿಗೆ ನನ್ನನ್ನು ಮೂರು ದಿನದಿಂದ ಮೇಜಿನ ಮುಂದೆ ಕೂರಿಸಿದವನು ನೀನು. ನಾಲ್ಕು ಸಲ ಫೋನ್ ಅಂಗಡಿಗೆ ಹೋದೆ. ಮೊದಲ ಸಲ ನೀನು ಸಿಕ್ಕಿದೆ, ನಾನೇ ಅರ್ಧಕ್ಕೆ ಇಟ್ಟೆ. ಎರಡನೆಯ ಸಲ ನಿನ್ನ ಕೋಣೆಯಲ್ಲಿರುವ ಆ ಬೆರ್ಕಾನಿನವನು ಎತ್ತಿಕೊಂಡು, "ಜಿಲಾಲಿ ಪಾಳಿಗೆ ಹೋಗಿದಾನೆ ಲಲ್ಲಾ" ಅಂದ. ಮೂರನೆಯ ಸಲವೂ ಪಾಳಿ. ನಾಲ್ಕನೆಯದು ಭಾನುವಾರ. ಭಾನುವಾರವೂ ಪಾಳಿಯಂತೆ. ಅವನ ಹಿಂದೆ ನೀನು ಕೆಮ್ಮಿದ್ದು ನನಗೆ ಕೇಳಿಸಿತು. ನಿನಗೆ ನಾಯಿಕೆಮ್ಮು ಬಂದಾಗ ಎರಡು ತಿಂಗಳು ಎದೆಯ ಮೇಲೆ ಮಲಗಿಸಿಕೊಂಡವಳು ನಾನು. ನಿನ್ನ ಕೆಮ್ಮು ನನಗೆ ತಿಳಿಯದೆ ಹೋದೀತೇ.

ಆದ್ದರಿಂದ ಕಾಗದ. ತಡವಾಯಿತು, ಕ್ಷಮಿಸು ಎಂದು ಬರೆಯುವುದು ವಾಡಿಕೆ. ರಬಾತಿನಿಂದ ಬಂದು ಹದಿನೈದು ದಿನವಾಯಿತು. ಮೊದಲ ವಾರವೇ ಬರೆದಿದ್ದರೆ ಬೈಗುಳ ಬಿಟ್ಟು ಬೇರೆ ಏನೂ ಇರುತ್ತಿರಲಿಲ್ಲ, ಅಂಚೆಯವನಿಗೂ ಹೊರಲಾಗುತ್ತಿರಲಿಲ್ಲ. ತಡವಾದದ್ದು ಒಳ್ಳೆಯದೇ ಆಯಿತು ಅಂದುಕೋ.

ನಾವೆಲ್ಲ ಉಸಿರಾಡುತ್ತಿದ್ದೇವೆ. ನನ್ನ ಎಡಮೊಣಕಾಲು ಮೆಟ್ಟಿಲಿಗೆ ಆಗುವುದಿಲ್ಲ ಅನ್ನುತ್ತಿದೆ. ಹಬ್ಬದ ಮಾಂಸ ಒಣಗಿಸಿ ಇಟ್ಟಿದ್ದೇನೆ. ಚೆರ್ರಿ ಈ ಸಲ ಕಡಿಮೆ, ಹೂ ಬಿಟ್ಟ ಹೊತ್ತಿಗೆ ಆಲಿಕಲ್ಲು ಬಿತ್ತು. ನಿನ್ನ ಕಿರಿಮಗಳು ಸಲ್ವಾಗೆ ಮುಂದಿನ ಎರಡು ಹಲ್ಲು ಬಂದಿವೆ, ಮೊಲದ ಹಾಗೆ ಕಾಣುತ್ತಾಳೆ. ಸುದ್ದಿ ಇಷ್ಟೇ. ಉಳಿದದ್ದು ನಿನ್ನ ಸುದ್ದಿ.

ರಬಾತಿನ ಬೆಲ್ಜಿಯಂ ರಾಯಭಾರ ಕಚೇರಿಯಲ್ಲಿ ಏನಾಯಿತು ಎನ್ನುವುದನ್ನು ಒಂದೂ ಬಿಡದೆ ಬರೆಯುತ್ತೇನೆ. ಅಲ್ಲಿ ನಿಲ್ಲಬೇಕಾದವನು ನೀನು, ನಿಂತವಳು ನಾನು. ಓದಿಯಾದರೂ ನಿಲ್ಲು.

ನೀನು ಲಿಯೇಜಿನಿಂದ ಆ ಮೆಕ್ನೆಸಿನ ಡ್ರೈವರನ ಕೈಯಲ್ಲಿ ಕಳಿಸಿದ ಲಕೋಟೆ ರಂಜಾನಿನ ಕೊನೆಯ ವಾರ ಬಂತು. ಮೇಲೆ ಅಂಟು, ಅಂಟಿನ ಮೇಲೆ ಅಂಟು. "ವೀಸಾ ಕಿಟಕಿಯಲ್ಲೇ ಒಡೀಬೇಕು, ಮೊದಲೇ ಒಡೆದ್ರೆ ತಗೊಳ್ಳೋದಿಲ್ಲ ಅಂತ ಹೇಳಿದಾನೆ" ಅಂದ ಅವನು. ಹಬೀಬಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅತ್ತೆ, ಒಳಗೆ ನಮ್ಮ ಕುಟುಂಬದ ಪುಸ್ತಕ ಇದೆ. ನನ್ನ ವಯಸ್ಸು ಸರಿಮಾಡಿಸಿದಾರೋ ಇಲ್ವೋ, ಒಂದು ಮೂಲೆ ಬಿಚ್ಚಿ ನೋಡ್ತೀನಿ" ಅಂದಳು. ನಾನು ಅವಳ ಕೈಗೆ ಹೊಡೆದೆ. "ಅಪ್ಪ ಒಡೀಬೇಡಿ ಅಂದಮೇಲೆ ಒಡೀಬಾರ್ದು" ಅಂದೆ. ನಿನ್ನ ಪರವಾಗಿ ಹೊಡೆದೆ, ನೆನಪಿಟ್ಟುಕೋ.

ಆ ವಯಸ್ಸಿನ ವಿಷಯ ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ಬರೆಯುತ್ತೇನೆ, ಮರೆತವನ ಹಾಗೆ ನಟಿಸುವವನಿಗೆ ಮತ್ತೆ ಹೇಳಬೇಕಾಗುತ್ತದೆ. ನಿನಗೆ ಮೊದಲ ಮಗಳು ಹುಟ್ಟಿದ್ದು ಎಪ್ಪತ್ತೆಂಟರಲ್ಲಿ. ಹಬೀಬಾ ಎಂದು ಹೆಸರಿಟ್ಟೆವು, ಕಚೇರಿಯಲ್ಲಿ ಬರೆಸಿದೆವು. ಎಂಬತ್ತರ ಚಳಿಗೆ ದಡಾರ ಬಂದು ಆ ಮಗು ಹೋಯಿತು. ಹೋದದ್ದನ್ನು ಬರೆಸಲು ನೀನು ಕಚೇರಿಗೆ ಹೋಗಲಿಲ್ಲ. ಆ ಕಾಲದಲ್ಲಿ ಯಾರು ಹೋಗುತ್ತಿದ್ದರು. ಮರುವರ್ಷ ಫೆಬ್ರವರಿಯಲ್ಲಿ ಇನ್ನೊಂದು ಹೆಣ್ಣು. ಅಜ್ಜಿ, "ಹೆಸರು ಇನ್ನೂ ಬೆಚ್ಚಗಿದೆ, ಇವಳಿಗೇ ತೊಡಿಸಿ" ಅಂದಳು. ತೊಡಿಸಿದೆವು. ಹೆಸರಿನ ಜೊತೆ ಸತ್ತವಳ ಕಾಗದವನ್ನೂ ಕೊಟ್ಟೆವು. ಹಾಗೆ ಮಾಡಿದ ಮನೆ ನಮ್ಮ ಓಣಿಯಲ್ಲೇ ಆರು ಇವೆ. ರೊಟ್ಟಿ ಸುಡುವ ಒಲೆಯ ಹಮ್ಮಾದಿಗೆ ಕಾಗದದಲ್ಲಿ ಅರವತ್ತೈದು, ಬಾಯಲ್ಲಿ ಒಂದು ಹಲ್ಲೂ ಬಿದ್ದಿಲ್ಲ. ಅಣ್ಣನ ವಯಸ್ಸಿನಲ್ಲಿ ಐದು ವರ್ಷ ಮೊದಲೇ ಸೈನ್ಯಕ್ಕೆ ಹೋದ, ಐದು ವರ್ಷ ಮೊದಲೇ ಮನೆಗೆ ಬಂದ. ಅದನ್ನು ಹೇಳಿಕೊಂಡು ನಗುತ್ತಿದ್ದೆವು.

ಹೀಗಾಗಿ ಹಬೀಬಾಗೆ ಹದಿನಾರು, ಕಾಗದಕ್ಕೆ ಹತ್ತೊಂಬತ್ತು. ಅಪ್ಪನ ಹತ್ತಿರ ಹೋಗುವ ವೀಸಾ ಹದಿನೆಂಟು ತುಂಬುವವರೆಗೆ ಮಾತ್ರ. ನ್ಯಾಯಾಧೀಶರ ಹತ್ತಿರ ಹೋಗು, ನಡೆದದ್ದು ನಡೆದ ಹಾಗೆ ಹೇಳು, ದೊಡ್ಡವಳ ಸಾವನ್ನೂ ಚಿಕ್ಕವಳ ಹುಟ್ಟನ್ನೂ ಒಟ್ಟಿಗೆ ಬರೆಸು ಎಂದು ನಾನು ನಿನಗೆ ಎಷ್ಟು ಸಲ ಹೇಳಿದೆ. "ಆಗ್ತಾ ಇದೆ ಅಕ್ಕಾ" ಅನ್ನುತ್ತಿದ್ದೆ. ಹೋದ ಬೇಸಿಗೆಯಲ್ಲಿ, "ಎಲ್ಲಾ ಸರಿಯಾಯ್ತು ಅಕ್ಕಾ" ಅಂದೆ. ನಾನು ನಂಬಿದೆ.

ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಕರೆ ಬಂತು. ಹಿಂದಿನ ದಿನವೇ ಹೋಗಿ ರಬಾತಿನ ಪಕ್ಕದ ಸಲೆಯಲ್ಲಿ ನಿನ್ನ ಹೆಂಡತಿ ತೂರಿಯಾಳ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ನಾನು, ತೂರಿಯಾ, ಎರಡು ಮಕ್ಕಳು. ಬೆಳಗ್ಗೆ ಆರಕ್ಕೆ ಸಾಲಿಗೆ ಹೋದರೆ ಗೋಡೆ ಮುಗಿದು ಸಾಲು ಇನ್ನೊಂದು ಬೀದಿಗೆ ತಿರುಗಿತ್ತು. ಎದುರಿಗೆ ಒಬ್ಬ ಟೈಪ್ ಮಿಷನ್ ಇಟ್ಟುಕೊಂಡು ಅರ್ಜಿ ತುಂಬಿಕೊಡುತ್ತಿದ್ದ, ಅವನ ಪಕ್ಕದಲ್ಲಿ ಒಬ್ಬಳು ಬಿಸಿ ರೊಟ್ಟಿ ಮಾರುತ್ತಿದ್ದಳು. ನಮ್ಮ ಮುಂದಿದ್ದ ಖುರೀಬ್ಗಾದ ಹೆಂಗಸು ತಿರುಗಿ ಕೇಳಿದಳು.

"ಎಷ್ಟನೇ ಸಲ ಲಲ್ಲಾ?"

"ಮೊದಲ್ನೇ ಸಲ" ಅಂದೆ.

"ಅದಕ್ಕೇ ಮಕ್ಕಳ ಮುಖದಲ್ಲಿ ಇನ್ನೂ ನಗು ಇದೆ. ನನ್ನದು ಐದನೇದು. ನನ್ನ ಗಂಡ ಅಲ್ಲಿ ಮುದುಕ ಆದ, ನಾನು ಈ ಗೋಡೆ ಹತ್ರ ಮುದುಕಿ ಆದೆ. ಮದುವೆ ಆಗಿರೋದು ಈ ಗೋಡೆ ಜೊತೇನೇ ಅನ್ಸುತ್ತೆ."

ಹಬೀಬಾ ನಕ್ಕಳು. ಕಂದು ಬಣ್ಣದ ಹೊಸ ಬೂಟು ಹಾಕಿದ್ದಳು, ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು, ಹೇಳಿರಲಿಲ್ಲ. ಕಿಟಕಿಯಲ್ಲಿ ತಾನೇ ಮಾತಾಡಬೇಕೆಂದು ಫ್ರೆಂಚಿನಲ್ಲಿ ನಾಲ್ಕು ವಾಕ್ಯ ಬಾಯಿಪಾಠ ಮಾಡಿದ್ದಳು. ತುಟಿ ಅಲ್ಲಾಡಿಸುತ್ತಾ ಸಾಲಿನಲ್ಲಿ ಮುಂದೆ ಸರಿಯುತ್ತಿದ್ದಳು, ಪಾಠ ಒಪ್ಪಿಸಲು ಹೋಗುವ ಮಗುವಿನ ಹಾಗೆ.

ಬಾಗಿಲ ಕಾವಲುಗಾರ ಪಟ್ಟಿ ನೋಡಿ, "ತೂರಿಯಾ, ಸಲ್ವಾ. ಇಬ್ರೇ" ಅಂದ. "ನಾಲ್ಕು ಜನ ಬಂದಿದೀವಿ, ಇಬ್ರ ಹೆಸರು ಯಾಕೆ ಓದ್ತೀಯ, ಸರಿಯಾಗಿ ನೋಡು" ಅಂದೆ. "ಪಟ್ಟೀಲಿ ಇರೋದನ್ನ ಓದ್ತೀನಿ ಅಜ್ಜಿ, ಇಲ್ಲದ್ದನ್ನ ಎಲ್ಲಿಂದ ಓದ್ಲಿ?" ಅಂದ. "ನಿನ್ನ ಅಜ್ಜಿ ಮನೇಲಿದಾಳೆ, ನಾನು ಈ ಹುಡುಗೀರ ಸೋದರತ್ತೆ" ಅಂದೆ. ಹಿಂದಿನವರು ತಳ್ಳುತ್ತಿದ್ದರು. ನನ್ನ ಬಾಯಿಗೆ ಬೇಸತ್ತು ನಾಲ್ವರನ್ನೂ ಬಿಟ್ಟ. ಬಿಡದಿದ್ದರೆ ಒಳ್ಳೆಯದಿತ್ತು.

ಕಿಟಕಿಯ ಹಿಂದೆ ಇದ್ದವಳು ನಮ್ಮವಳೇ, ಕನ್ನಡಕದ ಹುಡುಗಿ, ರಬಾತಿನ ಮಾತು. ಲಕೋಟೆ ಒಡೆದಳು, ಮನೆಯವರ ಹುಟ್ಟು ಸಾವು ಬರೆದಿರುವ ಕುಟುಂಬದ ಪುಸ್ತಕ ತೆಗೆದಳು, ನಿನ್ನ ಅರ್ಜಿಯನ್ನು ಪಕ್ಕದಲ್ಲಿಟ್ಟಳು.

"ಹೆಂಡತಿ, ಒಬ್ಬಳು ಮಗಳು. ಸರಿ ತಾನೆ?"

"ಇಬ್ರು ಮಕ್ಳು, ತಾಯಿ" ಅಂದಳು ತೂರಿಯಾ.

ಹುಡುಗಿ ಪುಟ ತಿರುಗಿಸಿದಳು. ದನಿ ತಗ್ಗಿಸಿದಳು. "ಹೌದು, ಹುಟ್ಟಿದ್ದು ಇಬ್ರು. ದೊಡ್ಡವಳು ತೀರಿಕೊಂಡಿದಾಳಲ್ಲ. ಹಬೀಬಾ. ಎಂಬತ್ತನೇ ಇಸವಿ ಜನವರಿ ಹನ್ನೊಂದು. ದೇವರು ಆ ಮಗೂಗೆ ಕರುಣೆ ತೋರಿಸಲಿ."

ಜಿಲಾಲಿ, ನಿನ್ನ ಹೆಂಡತಿ ಏನು ಹೇಳಿದಳು ಗೊತ್ತೇ. "ಆಮೀನ್" ಅಂದಳು. ಹದಿನೇಳು ವರ್ಷದಿಂದ ಯಾರಾದರೂ ಆ ಮಗುವನ್ನು ನೆನೆದರೆ ಅವಳ ಬಾಯಿಂದ ಬರುವ ಮಾತು ಅದೊಂದೇ, ಅದು ತಾನಾಗಿ ಬಂತು. ಹೇಳಿದ ಮೇಲೆ ಅವಳಿಗೆ ತಿಳಿಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಹಬೀಬಾ ಕಿಟಕಿಯ ಹಲಗೆಯ ಮೇಲೆ ಎರಡೂ ಕೈ ಇಟ್ಟು, "ಹಬೀಬಾ ನಾನು" ಅಂದಳು. ಫ್ರೆಂಚಿನಲ್ಲಿ ಅಲ್ಲ, ನಮ್ಮ ಮಾತಿನಲ್ಲೇ.

ಆ ಹುಡುಗಿ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದಳು. "ನಿನ್ನ ಹತ್ರ ಗುರುತಿನ ಕಾಗದ ಏನಾದ್ರೂ ಇದೆಯಾ ಮಗೂ?" ಹಬೀಬಾ ಶಾಲೆಯ ಚೀಟಿ ಕೊಟ್ಟಳು. ಅದರಲ್ಲಿ ಹುಟ್ಟಿದ್ದು ಎಪ್ಪತ್ತೆಂಟು. "ಇದರಲ್ಲಿರೋ ಹುಡುಗಿ ತೀರಿಕೊಂಡಿದಾಳೆ. ನೀನು ಯಾರು ಅಂತ ನನಗೆ ಗೊತ್ತಾಗ್ತಾ ಇಲ್ವಲ್ಲ."

ನಾನು ಕೂಗಿದೆ. ಏನೇನು ಕೂಗಿದೆನೋ ಎಲ್ಲ ನೆನಪಿಲ್ಲ. "ತೀರಿಕೊಂಡವಳು ನಿನ್ನ ಮುಂದೆ ಬೆವರುತ್ತಾ ನಿಂತಿದಾಳೆ, ಮುಟ್ಟಿ ನೋಡು, ಬಿಸಿ ಇದಾಳೆ" ಅಂದದ್ದು ನೆನಪಿದೆ. ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಆ ಹುಡುಗಿ ಸಿಟ್ಟಾಗಲಿಲ್ಲ. ಅವಳು ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. "ಲಲ್ಲಾ, ನಾನು ಬರೆದದ್ದಲ್ಲ ಇದು. ಅವರಪ್ಪ ಬರೆದಿರೋದು. ಸಹಿ ನೋಡಿ" ಎಂದು ನಿನ್ನ ಅರ್ಜಿಯನ್ನು ನಮ್ಮ ಕಡೆ ತಿರುಗಿಸಿದಳು.

ನೋಡಿದೆ. ನಿನ್ನ ಹೆಸರಿನ ಮೊದಲ ಅಕ್ಷರಕ್ಕೆ ನೀನು ಕೊಡುವ ಆ ದೊಡ್ಡ ಹೊಟ್ಟೆ. ನಾನು ಹಿಟ್ಟಿನ ತಟ್ಟೆಯಲ್ಲಿ ನಿನ್ನ ಬೆರಳು ಹಿಡಿದು ತಿದ್ದಿಸಿದ ಅಕ್ಷರ ಅದು. ಅಮ್ಮ ನಿನ್ನನ್ನು ಹೆತ್ತು ಸತ್ತಳು, ನನ್ನನ್ನು ಮೂರನೆಯ ತರಗತಿಯಿಂದ ಬಿಡಿಸಿ ನಿನ್ನ ತೊಟ್ಟಿಲ ಪಕ್ಕ ಕೂರಿಸಿದರು. ನನಗೆ ಬರುತ್ತಿದ್ದ ಅಷ್ಟನ್ನೂ ನಿನಗೆ ಕೊಟ್ಟೆ. ಅದರಲ್ಲಿ ನೀನು ಬರೆದದ್ದು ಇದು.

ಕಿಟಕಿಯ ಹುಡುಗಿ ತೂರಿಯಾಳನ್ನು ಕೇಳಿದಳು: "ಅರ್ಜಿ ಮುಂದುವರಿಸ್ಲಾ, ವಾಪಸ್ ತಗೋತೀರಾ? ವಾಪಸ್ ತಗೊಂಡ್ರೆ ಮತ್ತೆ ಮೊದಲಿಂದ." ತೂರಿಯಾ ನನ್ನನ್ನು ನೋಡಿದಳು. ನಾನು ಹಬೀಬಾಳನ್ನು ನೋಡಿದೆ. ಹಬೀಬಾ ಹೇಳಿದಳು: "ಹೆಬ್ಬೆಟ್ಟು ಒತ್ತಮ್ಮ. ಸಲ್ವಾ ಕೆಲಸಾನಾದ್ರೂ ಆಗ್ಲಿ." ತೂರಿಯಾ ಒತ್ತಿದಳು. ನಾನು ತಡೆಯಲಿಲ್ಲ. ತಡೆಯಬೇಕಿತ್ತೋ ಏನೋ, ಈಗಲೂ ಗೊತ್ತಿಲ್ಲ.

ವಾಪಸ್ ಬರುವಾಗ ಬಸ್ಸು ಫೆಸ್ ದಾಟಿತು. ಆಮೇಲೆ ಸಲ್ವಾ ಕೇಳಿದಳು, "ಅತ್ತೆ, ಅಕ್ಕ ಸತ್ತುಹೋಗಿದಾಳಾ?" ನಾನು ಬಾಯಿ ತೆಗೆಯುವ ಮೊದಲು ಹಬೀಬಾ ಅಂದಳು: "ಹೂಂ. ಸತ್ತವಳಿಗೆ ಬಸ್ ಟಿಕೆಟ್ ಯಾಕೆ ತಗೊಂಡ್ರಿ ಅತ್ತೆ? ದುಡ್ಡು ದಂಡ." ನಗಿಸಬೇಕೆಂದೇ ಅಂದಳು. ಕಂಡಕ್ಟರ್ ನಕ್ಕ. ಅವನಿಗೇನು ಗೊತ್ತು.

ಮರುದಿನ ನಿನಗೆ ಫೋನ್ ಮಾಡಿದೆ. ನೀನು ಅಂದದ್ದನ್ನು ನಿನಗೇ ಬರೆದು ಕಳಿಸುತ್ತೇನೆ, ಬೇರೆಯವರ ಮಾತಿನ ಹಾಗೆ ಓದಿ ನೋಡು.

"ಅಕ್ಕಾ, ನಾನು ಸುಳ್ಳು ಬರೆಸಿಲ್ಲ. ಆ ಮಗು ಸತ್ತಿದ್ದು ನಿಜ ತಾನೆ?"

"ಬದುಕಿರೋ ಮಗು?"

"ಅವಳ ವಯಸ್ಸು ತಿದ್ದಿಸೋಕೆ ಎರಡು ವರ್ಷ ಬೇಕು ಅಂದ್ರು ಇಲ್ಲಿಯ ವಕೀಲರು. ಹತ್ತೊಂಬತ್ತರ ಮಗಳು ಫೈಲಲ್ಲಿದ್ರೆ ವಿಚಾರಣೆ ಶುರುವಾಗುತ್ತೆ, ಎಲ್ಲರದ್ದೂ ನಿಲ್ಲುತ್ತೆ. ಮನೇನೂ ಮೂರು ಜನಕ್ಕೆ ಅಂತ ಅಳತೆ ಮಾಡಿ ಒಪ್ಪಿದಾರೆ. ಮೊದಲು ಇವರಿಬ್ರು ಬರಲಿ. ಹಬೀಬಾನ ಆಮೇಲೆ ಹೊಸದಾಗಿ ಬರೆಸೋಣ."

"ಆಮೇಲೆ ಅಂದ್ರೆ ಯಾವಾಗ?"

"ಆಮೇಲೆ ಅಕ್ಕಾ."

"ಮತ್ತೆ ಅವಳನ್ನೂ ರಬಾತಿಗೆ ಕರಕೊಂಡು ಹೋಗ್ತೀನಿ ಅಂದಾಗ ಬೇಡ ಅಂತ ಯಾಕೆ ಅನ್ನಲಿಲ್ಲ?"

ನೀನು ಕೆಮ್ಮಿದೆ. ನಾನು ಫೋನ್ ಇಟ್ಟೆ.

ಸುಳ್ಳು ಬರೆಸಿಲ್ಲ ಅಂದೆಯಲ್ಲ, ಆ ಮಾತನ್ನು ನಾನು ಹದಿನೈದು ದಿನದಿಂದ ಅಗಿಯುತ್ತಿದ್ದೇನೆ. ಸುಳ್ಳಾಗಿದ್ದರೆ ಸುಲಭವಿತ್ತು. ಕಚೇರಿಗೆ ಹೋಗಿ ಇದು ಸುಳ್ಳು ಎಂದು ಹೇಳಬಹುದಿತ್ತು. ನೀನು ಒಂದು ನಿಜವನ್ನು ತೆಗೆದುಕೊಂಡು ಇನ್ನೊಂದರ ಮೇಲೆ ಮಣ್ಣು ಎಳೆದೆ. ಸತ್ತ ಮಗುವಿಗೆ ಹದಿನೇಳು ವರ್ಷ ಒಂದು ಗೋರಿಕಲ್ಲು ನೆಡಿಸಲಿಲ್ಲ, ಈಗ ಅದರ ಸಾವು ನಿನ್ನ ಕೆಲಸಕ್ಕೆ ಬಂತು.

ಇಲ್ಲಿ ಏನಾಗಿದೆ ಕೇಳು. ಮುಂದಿನ ವರ್ಷ ಹಬೀಬಾಗೆ ಶಾಲೆಯಲ್ಲಿ ದೊಡ್ಡ ಪರೀಕ್ಷೆಯ ವರ್ಷ. ಹೆಸರು ಸೇರಿಸಲು ಹೊಸ ಜನನ ಪತ್ರ ಬೇಕು, ಜೂನ್ ಮುಗಿಯುವುದರೊಳಗೆ. ಪುರಸಭೆಗೆ ಹೋದೆ. ಸೀ ಲಹ್ಸೆನ್ ಗೊತ್ತಲ್ಲ, ನೋಂದಣಿಯ ಗುಮಾಸ್ತ, ನಿನ್ನ ಜೊತೆ ಚೆಂಡಾಡುತ್ತಿದ್ದವನು. ದೊಡ್ಡ ಪುಸ್ತಕ ತೆಗೆದು ನೋಡಿ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಲಲ್ಲಾ ಖದ್ದೂಜ್, ಮರಣ ಪತ್ರ ಬೇಕಾದ್ರೆ ಈ ಕ್ಷಣ ಕೊಡ್ತೀನಿ. ಎಷ್ಟು ಪ್ರತಿ ಬೇಕು ಹೇಳಿ. ಜನನ ಪತ್ರ ಮಾತ್ರ ಕೇಳ್ಬೇಡಿ."

"ಅವಳು ದಿನಾ ನಿನ್ನ ಅಂಗಳದಲ್ಲೇ ಶಾಲೆಗೆ ಹೋಗ್ತಾಳೆ, ನಿನಗೆ ಸಲಾಂ ಹೇಳ್ತಾಳೆ."

"ಹೇಳ್ತಾಳೆ, ನಾನೂ ಹೇಳ್ತೀನಿ. ನನ್ನ ಕಣ್ಣಿಗೆ ಇದಾಳೆ ಲಲ್ಲಾ, ನನ್ನ ಪುಸ್ತಕಕ್ಕೆ ಇಲ್ಲ. ಸಂಬಳ ಕೊಡೋದು ಪುಸ್ತಕ."

ಪತ್ರವಿಲ್ಲದಿದ್ದರೆ ಶಾಲೆ ಇಲ್ಲ. ಹದಿನೆಂಟಾದರೆ ಗುರುತಿನ ಚೀಟಿ ಇಲ್ಲ. ನಾಳೆ ಒಳ್ಳೆಯ ಮನೆಯವರು ಕೇಳಿಕೊಂಡು ಬಂದರೆ ನಿಖಾ ಬರೆಯುವವರು ಯಾರ ಹೆಸರು ಬರೆಯಬೇಕು. ಬೆಲ್ಜಿಯಂ ಹಾಳಾಗಿ ಹೋಗಲಿ, ಅದನ್ನು ನಾನು ಕೇಳುತ್ತಿಲ್ಲ. ಹುಡುಗಿ ತಾನು ಹುಟ್ಟಿದ ಊರಿನಲ್ಲೇ ಇಲ್ಲವಾಗಿದ್ದಾಳೆ.

ಸೀ ಲಹ್ಸೆನ್ ದಾರಿ ಹೇಳಿದ: ಹನ್ನೆರಡು ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ದಸ್ತಾವೇಜು ಬರೆಸಿ, ಆಮೇಲೆ ನ್ಯಾಯಾಧೀಶರ ಮುಂದೆ ಇಡಿ. ಸರಿ ಎಂದು ದಸ್ತಾವೇಜು ಬರೆಯುವವರ ಹತ್ತಿರ ಹೋದೆ. ಹನ್ನೆರಡೂ ಗಂಡಸರೇ ಆಗಬೇಕಂತೆ. "ಈ ಮಗು ಹುಟ್ಟಿದಾಗ ಹೊಕ್ಕುಳಬಳ್ಳಿ ಕತ್ತರಿಸಿದವಳು ನಾನು. ಆಗ ಈ ಓಣಿಯ ಗಂಡಸರೆಲ್ಲ ಹೊರಗೆ ಚಹಾ ಕುಡೀತಾ ಕೂತಿದ್ರು. ಅವರು ಕಂಡಿದ್ದು ಚಹಾದ ಲೋಟ" ಅಂದೆ. ಅವರು ಪೆನ್ನಿನ ಮೂತಿ ಒರೆಸುತ್ತಾ, "ನೀವು ಹೇಳೋದು ಸರಿ ಲಲ್ಲಾ, ಹನ್ನೆರಡು ಜನಾನ ಕರಕೊಂಡು ಬನ್ನಿ" ಅಂದರು.

ಕರೆದುಕೊಂಡು ಬಂದೆ. ಈ ಮೊಣಕಾಲು ಇಟ್ಟುಕೊಂಡು ಮನೆಮನೆ ಹತ್ತಿ ಇಳಿದೆ. ಹಮ್ಮಾದಿ ಒಲೆ ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದ. ಕಟುಕ ಬೂಶ್ತಾ ಬಂದು, "ಎರಡು ಹಬೀಬಾಗಳ ನಾಮಕರಣಕ್ಕೂ ಟಗರು ಕೊಯ್ದವನು ನಾನೇ. ಮೊದಲನೇದು ಬಡಕಲು, ಎರಡನೇದು ಕೊಬ್ಬಿತ್ತು. ಟಗರೇ ಎರಡು ಇದ್ದಮೇಲೆ ಮಗು ಒಂದು ಹೇಗಾಗುತ್ತೆ?" ಎಂದು ಸಾಕ್ಷಿ ಹೇಳಿದ. ಬರೆಯುವವರು ಟಗರಿನ ವಿಷಯ ಬರೆದುಕೊಳ್ಳಲಿಲ್ಲ. ನಿನ್ನ ಗೆಳೆಯ, ಕ್ಷೌರದ ಬೂಅಝ್ಝಾ ಮಾತ್ರ ಬರುವುದಿಲ್ಲ ಅಂದ. ಅವನ ಬದಲಿಗೆ ಹಮ್ಮಾದಿಯ ಭಾವಮೈದುನ ಬಂದ. ಹನ್ನೆರಡಾಯಿತು.

ನ್ಯಾಯಾಧೀಶರು ವಯಸ್ಸಾದವರು, ಕೂಗುವುದಿಲ್ಲ. ಹನ್ನೆರಡು ಜನರ ಮಾತು ಓದಿದರು, ಹಬೀಬಾಳ ಮುಖ ನೋಡಿದರು. "ಈ ಹುಡುಗಿ ಇದಾಳೆ ಅನ್ನೋದಕ್ಕೆ ನನಗೆ ಸಾಕ್ಷಿ ಬೇಕಾಗಿಲ್ಲಮ್ಮ, ಕಣ್ಣಿದೆ. ಯಾರ ಮಗಳು ಅನ್ನೋದು ಪ್ರಶ್ನೆ. ಅಪ್ಪ ಬದುಕಿದಾನೆ ಅಂತೀರಿ. ಬದುಕಿರೋ ಅಪ್ಪ ಸುಮ್ಮನಿರುವಾಗ ಓಣಿಯವರ ಮಾತಿನ ಮೇಲೆ ಮಗಳು ಅಂತ ನಾನು ಹೇಗೆ ಬರೀಲಿ? ಅವನು ಬರಲಿ. ಬರೋಕೆ ಆಗದಿದ್ರೆ ಅಲ್ಲಿರೋ ನಮ್ಮ ಕಾನ್ಸುಲೇಟಿನಲ್ಲಿ ಬರೆದು ಮುದ್ರೆ ಹಾಕಿಸಿ ಕಳಿಸಲಿ." ಜೂನ್ ಇಪ್ಪತ್ನಾಲ್ಕಕ್ಕೆ ಮತ್ತೆ ಕರೆದಿದ್ದಾರೆ. ಅದಾದ ಮೇಲೆ ಬೇಸಿಗೆ ರಜೆ, ಶಾಲೆಯ ಗಡುವೂ ಮುಗಿದಿರುತ್ತದೆ.

ತೂರಿಯಾಳ ವಿಷಯ ಕೇಳುತ್ತೀಯಾ, ಕೇಳದಿದ್ದರೂ ಬರೆಯುತ್ತೇನೆ. ಅವಳದೂ ಸಲ್ವಾದೂ ವೀಸಾ ಬಂದಿದೆ, ನಿನ್ನ ಟಿಕೆಟ್ಟೂ ಬಂದಿದೆ, ಜುಲೈ ಐದಕ್ಕೆ. ಮೊದಲ ಮೂರು ದಿನ, "ಹಬೀಬಾನ ಬಿಟ್ಟು ನಾನು ಎಲ್ಲಿಗೂ ಹೋಗಲ್ಲ ಅಕ್ಕಾ" ಎಂದು ಅತ್ತಳು. ನಾಲ್ಕನೆಯ ದಿನ ಪೆಟ್ಟಿಗೆಗೆ ಬಿಸಿಲು ತೋರಿಸಿದಳು. ಈಗ, "ನಾನು ಅಲ್ಲಿಗೆ ಹೋಗಿ ಅವರನ್ನ ಒಪ್ಪಿಸ್ತೀನಿ" ಅನ್ನುತ್ತಾಳೆ. ಹನ್ನೆರಡು ವರ್ಷ ಗಂಡನಿಗೆ ಕಾದವಳು, ಅವಳನ್ನು ನಾನು ಬೈಯಲಾರೆ. ಆದರೆ ಆ ಪೆಟ್ಟಿಗೆಗೆ ಬಟ್ಟೆ ಮಡಿಸಿ ಕೊಡುತ್ತಿರುವವಳು ಹಬೀಬಾ. ತನ್ನ ಕಂದು ಬೂಟನ್ನು ಕಾಗದದಲ್ಲಿ ಸುತ್ತಿ, ಸಲ್ವಾಗೆ ಎರಡು ವರ್ಷದಲ್ಲಿ ಆಗುತ್ತದೆ ಎಂದು ಅದರಲ್ಲಿ ಇಟ್ಟಿದ್ದಾಳೆ. ನಾನು ತೆಗೆದು ಹೊರಗಿಟ್ಟೆ. ಮತ್ತೆ ಇಟ್ಟಿದ್ದಾಳೆ.

ಮೊನ್ನೆ ಗುಂಡಿ ಕಟ್ಟುತ್ತಾ ಕೂತಿದ್ದಾಗ ಕೇಳಿದಳು: "ಅತ್ತೆ, ಅಪ್ಪ ಅದನ್ನ ಬರೆಸುವಾಗ ಯಾರ ಮುಖ ನೆನಪಾಗಿರುತ್ತೆ ಅವರಿಗೆ? ಅವಳದ್ದಾ, ನನ್ನದಾ?" ದಾರ ಗಂಟಾಯಿತು ಎಂದು ಬೈದೆ. ಅವಳು ಗಂಟು ಬಿಡಿಸಿಕೊಟ್ಟಳು.

ನೀನು ಮಾಡಬೇಕಾದದ್ದು ದೊಡ್ಡದೇನಲ್ಲ. ಒಂದು ದಿನ ಪಾಳಿ ಬಿಟ್ಟು ಕಾನ್ಸುಲೇಟಿಗೆ ಹೋಗು. ನನ್ನ ಮೊದಲ ಮಗಳು ಹಬೀಬಾ ಸತ್ತದ್ದು ನಿಜ, ಎಂಬತ್ತೊಂದರ ಫೆಬ್ರವರಿ ಮೂರಕ್ಕೆ ನನಗೂ ತೂರಿಯಾಗೂ ಇನ್ನೊಬ್ಬ ಹಬೀಬಾ ಹುಟ್ಟಿದಳು, ಅವಳು ಬದುಕಿದ್ದಾಳೆ, ನನ್ನ ಮಗಳು ಎಂದು ಬರೆ. ಮೂರು ಸಾಲು. ಮುದ್ರೆ ಹಾಕಿಸು. ನಿನ್ನ ವೀಸಾದ ಕಡತಕ್ಕೆ ತೊಂದರೆಯಾದರೆ ಆಗಲಿ. ಮೂರು ಜನಕ್ಕೆ ಅಳೆದ ಮನೆಯಲ್ಲಿ ನಾಲ್ಕನೆಯವಳು ಗೋಡೆಗೆ ಒರಗಿ ಮಲಗುತ್ತಾಳೆ, ಇಲ್ಲವೇ ನನ್ನ ಹತ್ತಿರ ಇರುತ್ತಾಳೆ. ಎಲ್ಲಿಯಾದರೂ ಇರಲಿ, ಇರಬೇಕು.

ಇಷ್ಟು ಬೈದೆ ಎಂದು ನನ್ನ ಹಾರೈಕೆ ತಪ್ಪಿತು ಅಂದುಕೊಳ್ಳಬೇಡ. ದೇವರು ನಿನ್ನ ಎದೆಗೂಡಿಗೆ ಆ ಊರಿನ ಶೀತ ತಾಕದ ಹಾಗೆ ನೋಡಿಕೊಳ್ಳಲಿ, ಜೀರಿಗೆ ಕುದಿಸಿ ಕುಡಿ. ನಿನ್ನ ಕೈಯ ಕೆಲಸ ನಿಲ್ಲದಿರಲಿ. ಅಮ್ಮ ಇದ್ದಿದ್ದರೆ ನಿನ್ನ ತಲೆಯ ಮೇಲೆ ಇಡುತ್ತಿದ್ದ ಕೈಯನ್ನು ನಾನು ಅವಳ ಬದಲಿಗೆ ಇಟ್ಟಿದ್ದೇನೆ, ಇನ್ನೂ ತೆಗೆದಿಲ್ಲ.

ನಿನ್ನ ಅಕ್ಕ
ಖದ್ದೂಜ್

ಇನ್ನೊಂದು ಮಾತು. ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ.

ಬೂಅಝ್ಝಾ ಸಾಕ್ಷಿಗೆ ಯಾಕೆ ಬರುವುದಿಲ್ಲ ಎಂದು ನಾನು ಅವನ ಅಂಗಡಿಯಲ್ಲಿ, ಅರ್ಧ ಗಡ್ಡ ಬೋಳಿಸಿದ ಗಿರಾಕಿಯ ಎದುರಿಗೇ ಜಗಳವಾಡಿದೆ. ಅವನು ಕತ್ತಿ ಕೆಳಗಿಟ್ಟು ಮೆಲ್ಲಗೆ ಅಂದ: "ಲಲ್ಲಾ, ಆ ಸಾವಿನ ಕಾಗದಕ್ಕೆ ಸಾಕ್ಷಿ ಹಾಕಿದವನು ನಾನೇ. ಜಿಲಾಲಿ ಕೇಳಿದ, ಮಗು ಸತ್ತಿದ್ದು ನಿಜ, ಹಾಕಿದೆ. ಇನ್ನೊಂದು ಕಾಗದಕ್ಕೂ ಹಾಕಿದ್ರೆ ನನ್ನನ್ನ ಏನು ಅಂತಾರೆ? ಅಲ್ಲಿ ನನ್ನ ಹೆಸರಿನ ಕೆಳಗೆ ಇನ್ನೊಬ್ಬರ ಸಹಿ ಇದೆ. ನೋಡಿದ್ರೆ ನೀವು ನನ್ನ ಹತ್ರ ಜಗಳ ಆಡಲ್ಲ."

ಹೋದ ಸೋಮವಾರ ಸೀ ಲಹ್ಸೆನ್ ಹತ್ತಿರ ಹೋಗಿ ತೋರಿಸು ಅಂದೆ. ಅವನು ತೋರಿಸಲು ಹಿಂಜರಿದ. ಆಮೇಲೆ ತೋರಿಸಿದ.

ಹೋದ ಆಗಸ್ಟಿನಲ್ಲಿ ನೀನು ಹೊರಡುವ ಹಿಂದಿನ ದಿನ ನನ್ನನ್ನು ಪುರಸಭೆಗೆ ಕರೆದುಕೊಂಡು ಹೋದೆ. ಮನೆ ನೋಡಿಕೊಳ್ಳುವವಳು ನಾನು ಎಂದು ಬರೆದುಕೊಡುವ ಕಾಗದ ಅಂದೆ. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೆ, ತರುತ್ತೇನೆ ಅಂದರೆ ನೀನು ಕಚೇರಿ ಮುಚ್ಚುತ್ತದೆ ಅಂದೆ. ಫ್ಯಾನು ತಿರುಗುತ್ತಿತ್ತು. ನಿನ್ನ ಅಂಗೈ ಕಾಗದದ ಮೇಲ್ಭಾಗದ ಮೇಲಿತ್ತು. ಗಾಳಿಗೆ ಹಾರದಿರಲಿ ಎಂದು ಹಿಡಿದಿದ್ದೀ ಅಂದುಕೊಂಡೆ. ನನ್ನ ಮುಂದಿದ್ದ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದರು. ನಾನು ಪೆನ್ನು ಕೇಳಿ ತೆಗೆದುಕೊಂಡು ಸಹಿ ಮಾಡಿದೆ, ಪೂರ್ತಿ ಹೆಸರು, ನಿಧಾನವಾಗಿ. ನೀನು ಪಕ್ಕದಲ್ಲಿ ನಿಂತು, "ನಮ್ಮಕ್ಕ ಓದಿದವಳು" ಎಂದು ಅಂದು ಸೀ ಲಹ್ಸೆನ್ ಬದಲಿಗೆ ಕೂತಿದ್ದ ಗುಮಾಸ್ತನಿಗೆ ಹೇಳಿದೆ. ಮನೆಗೆ ಬರುವಾಗ ನನಗೆ ಹೆಮ್ಮೆಯಿತ್ತು ಜಿಲಾಲಿ.

ಆ ಕಾಗದದಲ್ಲಿ ಹೀಗಿದೆ: ಹಬೀಬಾ ಎಂಬ ಹುಡುಗಿಯ ಸಾವನ್ನು ಕಣ್ಣಾರೆ ಕಂಡ ಸೋದರತ್ತೆ ಖದ್ದೂಜ್.

ಜೂನ್ ಇಪ್ಪತ್ನಾಲ್ಕಕ್ಕೆ ನ್ಯಾಯಾಧೀಶರು ಕಡತ ಪೂರ್ತಿ ಗಟ್ಟಿಯಾಗಿ ಓದಿಸುತ್ತಾರೆ. ಹಬೀಬಾ ನನ್ನ ಪಕ್ಕದಲ್ಲಿ ನಿಂತಿರುತ್ತಾಳೆ. ಅವಳಿಗೆ ಇನ್ನೂ ಗೊತ್ತಿಲ್ಲ. ಅಲ್ಲಿ ಕೇಳಿ ತಿಳಿಯುವ ಮೊದಲು ನಾನೇ ಹೇಳಬೇಕು. ಹೇಳುವಾಗ, ನಿನಗೆ ಬೇರೆ ಯಾರೂ ಸಿಗಲಿಲ್ಲವೋ, ಅಥವಾ ನೀನು ಹೇಳಿದರೆ ನಾನು ಓದದೆ ಸಹಿ ಹಾಕುತ್ತೇನೆ ಎಂದು ತಿಳಿದೇ ಕರೆದೆಯೋ, ಅದನ್ನೂ ಹೇಳಬೇಕು. ಬೂಅಝ್ಝಾನಿಗೆ ನೀನು ವಿಷಯ ಹೇಳಿ ಸಹಿ ಕೇಳಿದೆ. ನನಗೆ ಹೇಳಲಿಲ್ಲ. ಯಾಕೆ ಎಂದು ಬರೆ. ಜೊತೆಗೆ ಆ ಮೂರು ಸಾಲು, ಮುದ್ರೆ ಸಮೇತ.

ಎರಡೂ ಜೂನ್ ಹತ್ತನೆಯ ತಾರೀಖಿನೊಳಗೆ ನನ್ನ ಕೈಗೆ ಬರಬೇಕು.